ಇಡೀ ದಿನ ರೇಡಿಯೋ ಕೇಳಿದ ರವಿವಾರ

ನನ್ನ ಜೀವಮಾನದಲ್ಲಿ ಒಂದೇ ಒಂದು ದಿನ ನಾನು ರೇಡಿಯೋವನ್ನು ಬೆಳಗಿನಿಂದ ಸಂಜೆಯವರೆಗೆ ಕೇಳಿದ್ದೇನೆ. ಅಂದಿನಿಂದ ಯಾರಾದರೂ ‘ರೇಡಿಯೋ ಕೇಳಿ ಕೇಳಿಯೇ ನಾನು ಇಷ್ಟು ತಿಳಿದುಕೊಂಡೆ’ ಎಂದರೆ ನನಗೆ ನಗು ಬರುತ್ತದೆ. ಒಂದೋ ಅವರು ಸುಳ್ಳು ಹೇಳುತ್ತಿರುತ್ತಾರೆ, ಇಲ್ಲವೇ ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಅದರ ಮುಂದೆ ಕೂತಿರುವುದಿಲ್ಲ. ಅದು ಯಾವ ಊರಿನ ನಿಲಯ ಎಂದು ನಾನು ಬರೆಯುವುದಿಲ್ಲ. ಹೆಸರು ಬರೆದು ಮೆರೆಸುವಂಥದ್ದನ್ನು ಅದು ನಮಗೆ ಏನೂ ಮಾಡಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಬಹಳ ಕಾಲ ಆಗಿರಲಿಲ್ಲ. ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಜನ ಟ್ರಂಕು, ಹಾಸಿಗೆ ಸುತ್ತಿಕೊಂಡು ಬಂದು ಇಳಿಯುತ್ತಿದ್ದರು. ನನ್ನ ಗಂಡ ಗಿರಣಿಯಲ್ಲಿ ಬಿದಿರು ಕತ್ತರಿಸುವ ಖಾತೆಯಲ್ಲಿದ್ದ. ನಮಗೆ ಸಿಕ್ಕದ್ದು ಹನ್ನೆರಡು ಮನೆಗಳ ಒಂದು ಹಂಚಿನ ಚಾಳಿನಲ್ಲಿ ಎರಡು ಖೋಲಿ. ನಾನು ಧಾರವಾಡದ ಹುಡುಗಿ, ಮ್ಯಾಟ್ರಿಕ್ ಮುಗಿಸಿದವಳು. ಇಡೀ ಚಾಳಿನಲ್ಲಿ ಅಷ್ಟು ಓದಿದ ಹೆಂಗಸು ನಾನೊಬ್ಬಳೇ. ಆ ಸೊಕ್ಕು ನಾನು ನೀರಿನ ಕೊಡ ಎತ್ತುವುದರಲ್ಲೂ ಕಾಣುತ್ತಿತ್ತು ಎಂದು ನನ್ನ ಗಂಡ ಎಷ್ಟೋ ವರ್ಷಗಳ ಮೇಲೆ ಹೇಳಿದ.

ನನ್ನ ಅತ್ತೆ ಸವದತ್ತಿ ಕಡೆಯ ಹಳ್ಳಿಯವಳು. ಮಗನ ಸಂಸಾರ ನೋಡಿಕೊಳ್ಳಲು ಬಂದಾಗ ತನ್ನ ಬೀಸುವ ಕಲ್ಲನ್ನೂ ಜೊತೆಗೇ ತಂದಿದ್ದಳು. ಅಳ್ನಾವರದಲ್ಲಿ ರೈಲು ಬದಲಿಸುವಾಗ ಅದನ್ನು ಹಮಾಲನ ಕೈಗೆ ಕೊಡಲಿಲ್ಲವಂತೆ. ಒಂದು ಪಾಳಿ ತಾನು, ಒಂದು ಪಾಳಿ ಮಗ ಹೊತ್ತರು. ಬಜಾರದಲ್ಲಿ ಹಿಟ್ಟಿನ ಗಿರಣಿ ಇತ್ತು. ಆದರೆ ಗಿರಣಿಯ ಹಿಟ್ಟು ಬಿಸಿಯಾಗಿ ಸತ್ತುಹೋಗಿರುತ್ತದೆ, ರೊಟ್ಟಿ ಹರಿಯುತ್ತದೆ ಎಂಬುದು ಅವಳ ವಾದ. ಬೆಳಗಾಗುವ ಹೊತ್ತಿಗೆ ಅಡಿಗೆಯ ಖೋಲಿಯಲ್ಲಿ ಕೂತು ಜೋಳ ಬೀಸುತ್ತ ಹಾಡುತ್ತಿದ್ದಳು. ನಾನು ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದೆ.

ನನಗೆ ಬೇಕಾದ ಧ್ವನಿ ಬೇರೆಯಾಗಿತ್ತು. ಚಾಳಿನ ತುದಿಯಲ್ಲಿ ಒಂದು ಸಣ್ಣ ವಾಚನಾಲಯ ಇತ್ತು. ಅಲ್ಲಿ ಬೀಗ ಹಾಕಿದ ಕಟ್ಟಿಗೆಯ ಪೆಟ್ಟಿಗೆಯೊಳಗೆ ರೇಡಿಯೋ ಇತ್ತು. ಕೀಲಿ ಇರುತ್ತಿದ್ದುದು ಶ್ರೋತೃ ಮಂಡಳಿಯ ಕಾರ್ಯದರ್ಶಿಯ ಬಳಿ. ಶ್ರೋತೃ ಮಂಡಳಿ ಎಂದರೆ ರೇಡಿಯೋ ಕೇಳುವವರ ಸಂಘ. ಅದನ್ನು ಹುಟ್ಟಿಸಿದವನೂ, ಅದಕ್ಕೆ ಕಾರ್ಯದರ್ಶಿಯಾದವನೂ ಅವನೇ. ಕೋಟು ತೊಟ್ಟೇ ಬೀಗ ತೆಗೆಯುತ್ತಿದ್ದ. ಸೆಟ್ಟು ಬಿಸಿಯಾಗಿ ಧ್ವನಿ ಬರುವವರೆಗೆ ಯಾರೂ ಕೆಮ್ಮಬಾರದು. ವಾರಕ್ಕೊಮ್ಮೆ ನಿಲಯಕ್ಕೆ ವರದಿ ಕಳಿಸುತ್ತಿದ್ದ. ಯಾವ ಕಾರ್ಯಕ್ರಮ, ಎಷ್ಟು ಜನ, ಹೇಗಿತ್ತು. ‘ಹೇಗಿತ್ತು’ ಎಂಬ ಕಡೆ ಅವನು ಬರೆಯುತ್ತಿದ್ದುದು ಯಾವಾಗಲೂ ಒಂದೇ ಮಾತು: ಅತ್ಯುಪಯುಕ್ತ. ಅಂಥವನನ್ನು ನಾನು ಆಗ ದೊಡ್ಡ ಮನುಷ್ಯ ಎಂದುಕೊಂಡಿದ್ದೆ. ರೇಡಿಯೋದ ಕನ್ನಡ ಎಷ್ಟು ಚೊಕ್ಕ, ನಮ್ಮ ಚಾಳಿನ ಮಾತು ಎಷ್ಟು ಒರಟು ಎಂದು ಅವನ ಮುಂದೆ ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಅವನು ಮನೆಮನೆಗೆ ಬಂದ.

‘ರೇಡಿಯೋದವರು ಬರಾಕತ್ತಾರ್ರಿ, ಹಳ್ಳಿ ಹಾಡು ಹಿಡಕೊಂಡ ಹೋಗಾಕ. ಇಡೀ ದಾಂಡೇಲಿಯೊಳಗ ನಮ್ಮ ಚಾಳನ್ನ ಆರಿಸ್ಯಾರ. ನನ್ನ ವರದಿ ಓದಿ ಆರಿಸ್ಯಾರ.’

ಅತ್ತೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

‘ಹಾಡು ಹಿಡಕೊಂಡ ಹೋಗಿ ಏನ ಮಾಡ್ತಾರಂತ?’

‘ಎಲ್ಲಾ ಊರಿಗೂ ಕೇಳಸ್ತಾರವ್ವಾ. ನಿಮ್ಮ ಸವದತ್ತ್ಯಾಗೂ ಕೇಳಸ್ತದ.’

ಅದನ್ನು ಕೇಳಿ ಅವಳ ಕೈ ನಿಂತಿತು. ಊರಿನಲ್ಲಿ ಅವಳ ಅಕ್ಕ ಇದ್ದಳು, ಕಣ್ಣು ಕಾಣದವಳು. ಚಾವಡಿಯ ರೇಡಿಯೋ ಆಕೆಯ ಮನೆಯ ಕಟ್ಟೆಗೆ ಕೇಳಿಸುತ್ತಿತ್ತಂತೆ. ‘ಹಂಗಾರ ಹಾಡ್ತೇನಿ’ ಎಂದಳು. ಅಷ್ಟೇ. ಹೆಸರು, ಮಾನ, ಯಾವುದೂ ಅವಳ ತಲೆಯಲ್ಲಿ ಇರಲಿಲ್ಲ. ಅಕ್ಕನಿಗೆ ತನ್ನ ಧ್ವನಿ ಮುಟ್ಟಬೇಕಿತ್ತು.

ಅಧಿಕಾರಿ ವ್ಯಾನಿನಲ್ಲಿ ಬಂದ. ಕಪ್ಪು ಕನ್ನಡಕ, ಇಸ್ತ್ರಿ ಪ್ಯಾಂಟು, ಕೈಯಲ್ಲಿ ಕರವಸ್ತ್ರ. ಬಂದವನೇ ಆ ಕರವಸ್ತ್ರವನ್ನು ಮೂಗಿಗೆ ಹಿಡಿದ. ಗಿರಣಿಯ ವಾಸನೆ ನಮಗೆ ಅಷ್ಟು ಹೊತ್ತಿಗೆ ಗೊತ್ತೇ ಆಗುತ್ತಿರಲಿಲ್ಲ. ಅವನು ಮೈಸೂರು ಕಡೆಯ ಕನ್ನಡ ಮಾತಾಡುತ್ತಿದ್ದ. ನಮ್ಮ ಖೋಲಿಯೊಳಗೆ ಟೇಪಿನ ಯಂತ್ರ ಇಟ್ಟು, ಮೈಕನ್ನು ಅತ್ತೆಯ ಬಾಯಿಯ ಹತ್ತಿರ ಹಿಡಿದು, ಬೀಸುವ ಕಲ್ಲನ್ನು ನೋಡಿ ಮುಖ ಕಿವುಚಿದ.

‘ಅಮ್ಮಾ, ಆ ಕಲ್ಲಿನ ಸದ್ದು ಬೇಡ. ಬರೀ ಹಾಡಿ.’

‘ಕಲ್ಲಿಲ್ದ ಹೆಂಗ ಹಾಡ್ಲಿ? ಅದು ಒಂದು ಸುತ್ತು ಬಂದ್ರನ ನನಗ ಮುಂದಿನ ಮಾತು ನೆನಪಾಗೂದು.’

‘ಹಾಗಾದ್ರೆ ಜೋಳ ಹಾಕದೆ ಮೆಲ್ಲಗೆ ತಿರುಗಿಸಿ.’

‘ಬರಿಗಲ್ಲು ತಿರುವಬಾರದ್ರಿ. ಮನಿಗೆ ಒಳ್ಳೇದಲ್ಲ.’

ಅವನು ಗಡಿಯಾರ ನೋಡಿಕೊಂಡು ಏನಾದರೂ ಮಾಡಿಕೊಳ್ಳಿ ಎಂಬಂತೆ ಕೈಯಾಡಿಸಿದ. ಅತ್ತೆ ಸೆರಗು ಬಿಗಿದು, ಒಂದು ಕಾಲು ಚಾಚಿ, ಹಿಡಿ ಜೋಳ ಹಾಕಿ ಬೀಸತೊಡಗಿದಳು.

ಅವಳ ಧ್ವನಿ ಇಂಪಾಗಿತ್ತು ಎಂದು ನಾನು ಹೇಳುವುದಿಲ್ಲ. ಒಡಕು ಧ್ವನಿ. ಕಲ್ಲಿನ ಗೂಟವನ್ನು ತನ್ನ ಕಡೆ ಎಳೆಯುವಾಗ ಹಾಡು ಏರುತ್ತಿತ್ತು, ಆ ಕಡೆ ನೂಕುವಾಗ ಉಸಿರಾಗಿ ಇಳಿಯುತ್ತಿತ್ತು. ದಿನವೂ ಕಿವಿ ಮುಚ್ಚಿಕೊಂಡವಳು ಅಂದು ಮೊದಲ ಸಲ ನಾನು ಮಾತುಗಳನ್ನು ಗಮನಿಸಿ ಕೇಳಿದೆ. ಹಳೆಯ ಕಾಲದ ಹಾಡು ಎಂದುಕೊಂಡಿದ್ದೆ. ಅವಳು ದಿನದಿನದ ಸಿಟ್ಟನ್ನೇ ಕಟ್ಟಿ ಹಾಡುತ್ತಿದ್ದಳು.

ಸಾಲಿ ಕಲಿತ ಸೊಸಿ ಸೇರ ಜೋಳ ಬೀಸಲಿಲ್ಲ
ಪೇಪರ ಓದ್ಯಾಳ ಬಾಗಿಲಾಗ | ನನ ಮಗ
ಹಸದು ಬಂದಾನ ಗಿರಣೀಲಿ

ಬಾಗಿಲಲ್ಲಿ ಕಿಕ್ಕಿರಿದಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಪಕ್ಕದ ಮನೆಯ ಚಾಚಾ ಹೊರಗಿನಿಂದಲೇ ‘ವಾಹ್, ಅಕ್ಕಾರ!’ ಎಂದ. ಅವನು ಬಜಾರದಲ್ಲಿ ಲಾರಿ, ಪಂಪು ರಿಪೇರಿ ಮಾಡುವ ಮಿಸ್ತ್ರಿ. ವಾಚನಾಲಯದ ರೇಡಿಯೋ ಕೆಟ್ಟಾಗಲೆಲ್ಲ ಅದನ್ನು ಬಿಚ್ಚಿ ಕೂಡಿಸುತ್ತಿದ್ದವನೂ ಅವನೇ. ಅವನ ‘ವಾಹ್’ ಕೂಡ ಟೇಪಿನಲ್ಲಿ ಸೇರಿತು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾನು ಬಾಗಿಲಲ್ಲಿ ಕೂತು ಪೇಪರು ಓದುತ್ತಿದ್ದುದು ನಿಜ.

ಅಧಿಕಾರಿ ವ್ಯಾನಿನ ಹತ್ತಿರ ಹೋದಾಗ ನಾನು ಹಿಂದೆಯೇ ಓಡಿದೆ. ಹತ್ತು ಜಿಲ್ಲೆಗೆ ಈ ಸಾಲು ಕೇಳಿಸಿದರೆ ನನ್ನ ತವರಿನವರು ಏನೆಂದುಕೊಂಡಾರು ಎಂಬುದೊಂದೇ ಚಿಂತೆ.

‘ಸರ್, ಆ ಸೊಸೆಯ ನುಡಿಯನ್ನು ದಯವಿಟ್ಟು ತೆಗೆದುಹಾಕಬೇಕು’ ಎಂದೆ, ನನಗೆ ಬರುವ ಅತ್ಯಂತ ಶುದ್ಧ ಕನ್ನಡದಲ್ಲಿ.

ಅವನು ಮೊದಲ ಸಲ ಕರವಸ್ತ್ರ ಕೆಳಗಿಳಿಸಿ ನನ್ನನ್ನು ನೋಡಿದ.

‘ಯೋಚನೆ ಮಾಡ್ಬೇಡಿ. ಅದ್ಯಾವುದೂ ಹಾಗೇ ಬರೋಲ್ಲ. ನಮಗೆ ಬೇಕಾಗಿರೋದು ಧಾಟಿ. ನೀವು ಓದಿದವರ ಹಾಗೆ ಕಾಣ್ತೀರಿ. ನೀವೇ ಮೂರ್ನಾಲ್ಕು ನುಡಿ ತಿದ್ದಿ ಕೊಡಿ. ಯೋಜನೆ, ದುಡಿಮೆ, ಸಂಸಾರದಲ್ಲಿ ಸಾಮರಸ್ಯ, ಈ ತರಹ ಬರಲಿ.’

ನಾನು ಇಲ್ಲ ಎನ್ನಬಹುದಿತ್ತು. ವಾಚನಾಲಯಕ್ಕೆ ಓಡಿದೆ. ಕಾರ್ಯದರ್ಶಿಯ ವರದಿಯ ಹಾಳೆಯೊಂದರ ಹಿಂದೆ ಅರ್ಧ ತಾಸಿನಲ್ಲಿ ನಾಲ್ಕು ನುಡಿ ಬರೆದೆ. ಅತ್ತೆಯ ಧಾಟಿಗೆ ಸರಿಯಾಗಿ ಕೂಡುವಂತೆ ಬೆರಳು ಮಡಚಿ ಎಣಿಸಿ ಬರೆದೆ. ಅಧಿಕಾರಿ ಓದಿ ‘ಬಹಳ ಚೆನ್ನಾಗಿದೆ’ ಎಂದು ಜೇಬಿಗಿಟ್ಟುಕೊಂಡ. ಆ ದಿನ ನನಗಾದ ಸಂತೋಷವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ನಿಲಯದಿಂದ ಕಾಗದ ಬಂತು. ಅಚ್ಚು ಹಾಕಿಸಿದ ಹಾಳೆ. ‘ತಮ್ಮ ಧ್ವನಿಮುದ್ರಣವು ಮುಂದಿನ ರವಿವಾರ … ಗಂಟೆಗೆ ಪ್ರಸಾರವಾಗುವುದು.’ ಗಂಟೆಯ ಜಾಗದಲ್ಲಿ ಏನೂ ತುಂಬಿರಲಿಲ್ಲ. ಬಿಟ್ಟ ಜಾಗ ಹಾಗೇ ಖಾಲಿ. ಒಂದು ಅಂಕಿ ಬರೆಯುವುದಕ್ಕೂ ಅವರಿಗೆ ಕೈ ಬಂದಿರಲಿಲ್ಲ. ಕಾರ್ಯದರ್ಶಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲೂ ಏನೋ ಹಿರಿಮೆ ಇದೆ ಎಂಬ ಧಾಟಿಯಲ್ಲಿ ತೀರ್ಪು ಕೊಟ್ಟ:

‘ಮುಂಜಾನಿಂದ ಕೂಡೂಣು. ಯಾವಾಗ ಬರ್ತದೋ ಬರ್ಲಿ.’

ಹೀಗೆ ಆ ರವಿವಾರ ಹೊತ್ತು ಮೂಡುವ ಮೊದಲೇ ನಮ್ಮ ಚಾಳು ವಾಚನಾಲಯದ ಮುಂದೆ ಕೂತಿತು. ಅತ್ತೆ ಮದುವೆಗೆ ಹೋಗುವವಳಂತೆ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಅವಳಿಗೆ ಎಲ್ಲಕ್ಕಿಂತ ಮುಂದೆ ಚಾಪೆ ಹಾಸಿದರು. ನನ್ನ ಗಂಡನಿಗೆ ಅಂದು ವಾರದ ರಜೆ. ಚಾಚಾ ಅಂಗಡಿ ಮುಚ್ಚಿ ಬಂದಿದ್ದ.

ನಿಲಯ ತೆರೆಯುವ ವಾದ್ಯ ಮುಗಿದು ಭಕ್ತಿಗೀತೆ ಬಂತು. ಹಾಡುವವರಿಗೆ ದೇವರು ಎಂಬವನು ನಿದ್ದೆಯಲ್ಲಿದ್ದ ಕೂಸು, ಏಳಿಸಬಾರದು ಎಂಬ ಕಾಳಜಿ. ಆಮೇಲೆ ಒಬ್ಬರು ಗಂಟಲು ಸರಿಮಾಡಿಕೊಂಡು ಮೌನದ ಮಹತ್ವವನ್ನು ಹೇಳತೊಡಗಿದರು. ಅವರಿಗೆ ಕೊಟ್ಟದ್ದು ಐದು ನಿಮಿಷ. ಏಳಾದರೂ ಅವರು ಮೌನದ ಬಗ್ಗೆ ಮಾತು ನಿಲ್ಲಿಸಲಿಲ್ಲ. ವಾರ್ತೆ ಬಂತು. ಯಾರೋ ಎಲ್ಲೋ ಅಡಿಗಲ್ಲು ಇಟ್ಟರು, ಇನ್ನಾರೋ ಇನ್ನೆಲ್ಲೋ ಕರೆ ಕೊಟ್ಟರು. ಅಡಿಗಲ್ಲಿನ ಮೇಲೆ ಕಟ್ಟಡ ಎದ್ದ ಸುದ್ದಿಯನ್ನು ಆ ರೇಡಿಯೋದಲ್ಲಿ ನಾನು ಎಂದೂ ಕೇಳಿಲ್ಲ.

ಅದಾದ ಮೇಲೆ ಒಬ್ಬ ವಯಸ್ಸಾದ ಗಾಯಕರ ಖಯಾಲು ಬಂತು. ಇಡೀ ದಿನದಲ್ಲಿ ಕೇಳುವಂಥದ್ದು ಇದ್ದರೆ ಅದೊಂದೇ. ಚಾಚಾ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅವರು ಬೆಟ್ಟ ಹತ್ತಿದಂತೆ ಹತ್ತಿ ಹತ್ತಿ ಇನ್ನೇನು ತುದಿ ಮುಟ್ಟಬೇಕು, ಅಷ್ಟರಲ್ಲಿ ಧ್ವನಿ ಸಣ್ಣಗಾಗಿ ಉದ್ಘೋಷಕಿ ಒಳಗೆ ಬಂದಳು. ಸಮಯದ ಅಭಾವವಂತೆ. ಮೌನದ ಮಹತ್ವಕ್ಕೆ ಹೆಚ್ಚಿಗೆ ಎರಡು ನಿಮಿಷ ಇತ್ತು, ಈ ಮುದುಕರಿಗೆ ಇರಲಿಲ್ಲ.

‘ಕುತ್ತಿಗಿ ಹಿಚುಕಿದ್ರಲ್ರೀ ಪಾಪ, ಆ ಬುಜುರ್ಗರದ್ದು’ ಎಂದ ಚಾಚಾ.

‘ಶ್!’ ಎಂದ ಕಾರ್ಯದರ್ಶಿ.

ಬೆಳಗಿನ ಪ್ರಸಾರ ಮುಗಿಯಿತು. ಹೆಂಗಸರು ಓಡಿ ಹೋಗಿ ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಿಸಿ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂದು ಕೂತರು. ಈಗ ಬಂದದ್ದು ಮಹಿಳೆಯರ ಕಾರ್ಯಕ್ರಮ. ಇದರ ಮೇಲೆ ನನಗೆ ಬಹಳ ಪ್ರೀತಿ ಇತ್ತು. ‘ಆದರ್ಶ ಗೃಹಿಣಿ’ ಎಂದು ಒಂದು ಭಾಷಣ ಬರೆದು ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದೆ ಕೂಡ. ಅಂದು ಒಬ್ಬಾಕೆ ಬಾದಾಮಿ ಹಲ್ವಾ ಮಾಡುವುದನ್ನು ಕಲಿಸಿದರು.

‘ಮೊದಲು ಅರ್ಧ ಸೇರು ಒಳ್ಳೆಯ ಬಾದಾಮಿಯನ್ನು ತೆಗೆದುಕೊಳ್ಳಿ’ ಎಂದಿತು ರೇಡಿಯೋ.

‘ಎಲ್ಲಿಂದ ತೊಗೋಬೇಕು, ಅದನ್ನೂ ಹೇಳ ತಾಯಿ’ ಎಂದಳು ಅತ್ತೆ.

ಹೆಂಗಸರೆಲ್ಲ ನಕ್ಕರು. ಅದರ ಹಿಂದೆಯೇ ‘ಬಿಡುವಿನ ವೇಳೆಯ ಸದುಪಯೋಗ’ ಎಂಬ ಭಾಷಣ. ಮಧ್ಯಾಹ್ನ ಗೃಹಿಣಿಯರು ವ್ಯರ್ಥವಾಗಿ ನಿದ್ರಿಸುತ್ತಾರಂತೆ, ಅದರ ಬದಲು ಹೂದಾನಿಗಳನ್ನು ಅಲಂಕರಿಸಬಹುದಂತೆ. ಸೌದೆ ತರಲು ಕಾಡಿಗೆ ಹೋಗಿ ಬಂದು ಆಗತಾನೇ ಕೂತಿದ್ದ ಒಬ್ಬಾಕೆ ಅಲ್ಲೇ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದಳು. ಅವಳ ಮುಖ, ಆ ಭಾಷಣದ ಧ್ವನಿ, ಎರಡನ್ನೂ ಒಟ್ಟಿಗೆ ನೋಡಿ ಕೇಳುತ್ತಿದ್ದಾಗ ನನ್ನ ‘ಆದರ್ಶ ಗೃಹಿಣಿ’ ನೆನಪಾಯಿತು. ಅದರಲ್ಲಿಯೂ ಹೂದಾನಿ ಇತ್ತು. ನನ್ನ ಹತ್ತಿರ ಹೂದಾನಿ ಇರಲಿಲ್ಲ.

ಕಾಲು ತಾಸು ಕೊಂಕಣಿ ಹಾಡು ಬಂತು. ಜೋಯಿಡಾ ಕಡೆಯಿಂದ ಬಂದು ಚಾಳಿನಲ್ಲಿದ್ದ ಗಂಡ ಹೆಂಡತಿ ಮುಂದೆ ಸರಿದು ಕಿವಿಗೊಟ್ಟರು. ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇದು ಯಾರ ಕೊಂಕಣಿಯೋ ತಮಗೆ ಗೊತ್ತಾಗಲಿಲ್ಲ ಎಂದರು. ಸಿನಿಮಾ ಹಾಡುಗಳ ಅರ್ಧ ತಾಸು ಬಂದಾಗ ಮಾತ್ರ ಎಲ್ಲರ ಮೈಯಲ್ಲಿ ಜೀವ ಬಂತು. ಕಾರ್ಯದರ್ಶಿ ಎದ್ದುಹೋಗಿ ಧ್ವನಿ ಸಣ್ಣ ಮಾಡಿದ. ಇಂಥದ್ದು ಮನಸ್ಸು ಕೆಡಿಸುತ್ತದಂತೆ. ಆಮೇಲೆ ನಾಟಕ. ತೆಂಗಿನ ಚಿಪ್ಪು ಕುಟ್ಟಿ ಕುದುರೆ ಓಡಿಸಿದರು. ಕಳೆದುಹೋದ ಮಗ ಸಿಕ್ಕ, ಸಿಕ್ಕವನು ಸತ್ತ, ಸಾಯುವಾಗ ಒಂದು ಪುಟದಷ್ಟು ಮಾತಾಡಿದ. ಇದಕ್ಕೆ ಕಾರ್ಯದರ್ಶಿ ಕಣ್ಣು ಒರೆಸಿಕೊಂಡ. ಮಕ್ಕಳ ಕಾರ್ಯಕ್ರಮದಲ್ಲಿ ಮಕ್ಕಳು ಮುದುಕರಂತೆ ಉಪದೇಶ ಮಾಡಿದರು.

ಸಂಜೆ ರೈತರ ಕಾರ್ಯಕ್ರಮ. ಮುಂಡಗೋಡ ತಾಲೂಕಿನ ಮಳಗಿಯ ರೈತರೊಬ್ಬರ ಜೊತೆ ಸಂದರ್ಶನ ಎಂದಾಗ ಚಾಚಾ ನೆಟ್ಟಗೆ ಕೂತ. ಆ ರೈತನ ಪಂಪನ್ನು ಅವನೇ ರಿಪೇರಿ ಮಾಡಿಕೊಟ್ಟಿದ್ದನಂತೆ.

‘ಈತ ಮಾತಿಗೊಮ್ಮೆ ಬೈಗುಳಾ ಹಾಕ್ತಾನ್ರಿ. ಭಾಳ ಮಜಾ ಮನುಷ್ಯಾ. ಕೇಳ್ರಿ ಈಗ.’

ರೇಡಿಯೋದೊಳಗೆ ಆ ಮನುಷ್ಯ ಹೇಳಿದ್ದು: ‘ಹೌದು. ಸುಧಾರಿತ ಬೀಜಗಳಿಂದ ನಾನು ಸಮೃದ್ಧ ಇಳುವರಿಯನ್ನು ಪಡೆದಿರುತ್ತೇನೆ. ಇದರಿಂದ ನನಗೆ ಅತೀವ ಹರ್ಷವಾಗಿದೆ.’ ಹಾಳೆ ಮಗುಚುವ ಸದ್ದೂ ಕೇಳಿಸಿತು. ಚಾಚಾ ಮುಂದೆ ಸರಿದು ಪೆಟ್ಟಿಗೆಗೆ ಕಿವಿ ಹಚ್ಚಿದ. ‘ಇದು ಅವನಲ್ಲ’ ಎಂದ. ಮತ್ತೆ ‘ಅವನ. ಖರೇ ಅವನ. ಏನ ಮಾಡ್ಯಾರ ಅವಗ?’ ಎಂದ.

ಅಧಿಕಾರಿಯ ಜೇಬಿಗೆ ಹೋದ ನನ್ನ ಹಾಳೆ ಆಗ ನೆನಪಾಯಿತು.

ದೀಪ ಹಚ್ಚುವ ಹೊತ್ತಿಗೆ ಉದ್ಘೋಷಕಿ ಹೇಳಿದಳು: ‘ಈಗ ಜನಪದ ಸಂಗೀತ. ದಾಂಡೇಲಿ ಪರಿಸರದ ಒಂದು ಬೀಸುವ ಪದ. ಹಾಡುವವರು ನಮ್ಮ ನಿಲಯದ ಕಲಾವಿದೆಯರು.’ ಸಂಗ್ರಹಿಸಿದವರು ಎಂದು ಕಾರ್ಯದರ್ಶಿಯ ಹೆಸರು ಹೇಳಿದಳು. ಅವನು ಕೋಟಿನ ಗುಂಡಿ ಹಾಕಿಕೊಂಡು ಎದ್ದುನಿಂತ.

ಹಾರ್ಮೋನಿಯಂ, ತಬಲಾ, ಅದರ ಮೇಲೆ ಸಕ್ಕರೆ ಸುರಿದಂಥ ಎರಡು ಧ್ವನಿ.

ಹೊಸ ನಾಡ ಕಟ್ಟೋಣ ಹೊಸ ಯೋಜನೆ ತಂದು
ಹಸನಾದ ಬಾಳು ನಮದವ್ವ | ಸೊಸೆ ಅತ್ತೆ
ನಸುನಕ್ಕು ಬೀಸಿ ಹಾಡ್ಯಾರ

ನನ್ನ ಸಾಲುಗಳು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಮೊದಲ ನುಡಿ ಮುಗಿಯುವವರೆಗೆ ನನ್ನ ಎದೆ ಉಬ್ಬಿತ್ತು. ಆಮೇಲೆ ಅತ್ತೆಯ ಮುಖ ನೋಡಿದೆ. ಅವಳು ಪೆಟ್ಟಿಗೆಯ ಕಡೆ ಸ್ವಲ್ಪ ಬಾಗಿ, ತನ್ನ ಸರದಿ ಇನ್ನೂ ಬರಬೇಕು ಎಂಬಂತೆ ಕಾಯುತ್ತಿದ್ದಳು. ಈ ಹೆಂಗಸರು ಮುಗಿಸಿದ ಮೇಲೆ ತನ್ನದು ಬರುತ್ತದೆ ಎಂದುಕೊಂಡಿದ್ದಳು. ನಾಲ್ಕೂ ನುಡಿ ಮುಗಿದವು. ಮುಂದಿನ ಕಾರ್ಯಕ್ರಮದ ಹೆಸರು ಹೇಳಿದರು. ಕಾರ್ಯದರ್ಶಿ ಚಪ್ಪಾಳೆ ತಟ್ಟಿದ. ಯಾರೂ ತಟ್ಟಲಿಲ್ಲ.

‘ಮುಗೀತು?’ ಎಂದು ಅತ್ತೆ ಕೇಳಿದಳು.

‘ಮುಗೀತವ್ವಾ’ ಎಂದ ನನ್ನ ಗಂಡ.

‘ನಂದು?’

ಕಾರ್ಯದರ್ಶಿ ರೇಡಿಯೋ ಆರಿಸಿ ಪೆಟ್ಟಿಗೆಗೆ ಬೀಗ ಹಾಕಿದ. ಅತ್ತೆ ಹಿಂದೆ ಸರಿದು ಕೂತಳು.

‘ಧಾಟಿ ನಂದು. ಆದ್ರ ಆ ಹುಡುಗ್ಯಾರು ಎಂದೂ ಕಲ್ಲು ಹಿಡದಿಲ್ಲ. ಉಸರು ತೊಗೊಳ್ಳೂ ಜಾಗಾದಾಗ ಹಾಡ್ತಾರ, ಹಾಡೂ ಜಾಗಾದಾಗ ಉಸರು ತೊಗೋತಾರ. ಅಕ್ಕ ಕೇಳಿದ್ಲಂದ್ರ ನನಗೇನೋ ಆಗೇತಿ ಅಂತ ಹೆದರ್ತಾಳ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಆ ಮಾತು ಯಾರು ಕಟ್ಟ್ಯಾರ?’

‘ಗೊತ್ತಿಲ್ಲತ್ತಿ’ ಎಂದೆ.

ಅವಳು ಎದ್ದು ಮನೆಗೆ ಹೋಗಿ ಇಳಕಲ್ ಸೀರೆ ಮಡಚಿಟ್ಟಳು.

ನಾನು ಎರಡು ದಿನ ಊಟ ಸೇರದೆ ತಿರುಗಾಡಿದೆ. ಮೂರನೆಯ ದಿನ ನಿಲಯಕ್ಕೆ ಕಾಗದ ಬರೆದೆ. ಕೇಳುಗರ ಪತ್ರಗಳಿಗೆ ಉತ್ತರ ಕೊಡುವ ಕಾರ್ಯಕ್ರಮವೊಂದು ಇತ್ತು, ಅದಕ್ಕೆ. ಎರಡು ಹಾಳೆ, ನಾಲ್ಕು ಮಗ್ಗುಲು. ಒಬ್ಬ ಹೆಂಗಸನ್ನು ಹಾಡಿಸಿಕೊಂಡು ಹೋಗಿ ಅವಳ ಧ್ವನಿಯನ್ನೂ ಮಾತನ್ನೂ ಅಳಿಸಿದಿರಿ ಎಂದು ಬರೆದೆ. ಅದು ಜನಪದ ಹಾಡಲ್ಲ, ಒಂದು ಸೇರು ಜೋಳವನ್ನೂ ಬೀಸಿರದ ಮ್ಯಾಟ್ರಿಕ್ ಓದಿದ ಹುಡುಗಿ ಅರ್ಧ ತಾಸಿನಲ್ಲಿ ಬರೆದದ್ದು, ಆ ಹುಡುಗಿ ನಾನೇ, ನನಗೆ ನಾಚಿಕೆಯಾಗಿದೆ ಎಂದೂ ಬರೆದೆ. ಆ ಮುದುಕಿಯ ಟೇಪು ನಿಮ್ಮಲ್ಲಿ ಇದ್ದರೆ ಒಮ್ಮೆ, ಒಂದೇ ಒಮ್ಮೆ, ಹಾಕಿ ಎಂದು ಬೇಡಿಕೊಂಡೆ.

ಎರಡು ವಾರದ ಮೇಲೆ ನಾನು ವಾಚನಾಲಯದ ಹೊರಗೆ ನಿಂತಿದ್ದಾಗ ಉತ್ತರ ಬಂತು. ‘ದಾಂಡೇಲಿಯಿಂದ ಸೋದರಿಯೊಬ್ಬರು ಹೀಗೆ ಬರೆಯುತ್ತಾರೆ’ ಎಂದು ಒಂದು ಗಂಡು ಧ್ವನಿ ಓದಿತು. ‘“ನೀವು ಪ್ರಸಾರ ಮಾಡಿದ ಬೀಸುವ ಪದವನ್ನು ನಮ್ಮ ಚಾಳಿನವರೆಲ್ಲ ಒಟ್ಟಿಗೆ ಕೂತು ಕೇಳಿದೆವು. ಅಂಥ ಹಾಡನ್ನು ನಾವು ಹಿಂದೆಂದೂ ಕೇಳಿರಲಿಲ್ಲ.” ಸೋದರಿ, ತಮ್ಮ ಮೆಚ್ಚುಗೆಗೆ ಧನ್ಯವಾದಗಳು.’ ಮುಂದಿನ ಪತ್ರಕ್ಕೆ ಹೋದರು.

ಎರಡೂ ವಾಕ್ಯ ನನ್ನವೇ. ಕಾಗದದ ಮೊದಲ ಎರಡು ವಾಕ್ಯ. ಒಂದು ಅಕ್ಷರವನ್ನೂ ಅವರು ಬದಲಿಸಿರಲಿಲ್ಲ. ಮೂರನೆಯ ವಾಕ್ಯದಿಂದ ಮುಂದೆ ಓದಿರಲಿಲ್ಲ, ಅಷ್ಟೇ.

ಕಾರ್ಯದರ್ಶಿ ಅಂದು ಸಂಜೆಯೇ ಪೇಡೆ ಹಿಡಿದು ನಮ್ಮ ಮನೆಗೆ ಬಂದ. ‘ನೋಡ್ರವ್ವಾ, ನಿಮ್ಮ ಸೊಸಿ ಕಾಗದ ಬರದು ನಮ್ಮ ಚಾಳಿನ ಹೆಸರು ಮತ್ತ ರೇಡಿಯೋದಾಗ ತಂದ್ಲು. ಏನ ಚಂದ ಮೆಚ್ಚಿ ಬರದಾಳ!’ ಅತ್ತೆ ಪೇಡೆ ಮುಟ್ಟಲಿಲ್ಲ. ಅವನನ್ನು ಕಳಿಸಿ ಬಾಗಿಲು ಮುಂದೆ ಮಾಡಿದಳು.

‘ನಿನಗ ಆ ಹಾಡು ಅಷ್ಟು ಸೇರಿತೇನ?’ ಎಂದು ಕೇಳಿದಳು.

ನಾನು ಅಳುತ್ತ ಎಲ್ಲವನ್ನೂ ಹೇಳಿದೆ. ವ್ಯಾನಿನ ಹಿಂದೆ ಓಡಿದ್ದು, ವರದಿಯ ಹಾಳೆಯ ಹಿಂದೆ ಬರೆದದ್ದು, ಕಾಗದದ ನಾಲ್ಕು ಮಗ್ಗುಲು. ಅವಳು ಬೈಯಲಿಲ್ಲ.

‘ನನಗ ಅವತ್ತ ಗೊತ್ತಾತು’ ಎಂದಳು. ‘ಅತ್ತಿ ಸೊಸಿ ನಕ್ಕೋಂತ ಬೀಸ್ತಾರ ಅಂತ ಬೀಸಿದಾಕಿ ಯಾವಾಕಿನೂ ಬರಿಯೂದಿಲ್ಲ.’

‘ನೀವು ನನ್ನ ಬೈದು ಹಾಡಿದ್ರಿ. ನಂಗ ಮಾನ ಹೋದಂಗಾತು.’

‘ಬೈದೆ. ನಾಳೆನೂ ಬೈತೇನಿ. ನೀ ಅದನ್ನ ಅಳಿಸ್ರಿ ಅಂದದ್ದು ತಪ್ಪಲ್ಲ ಬಿಡು, ನಿನ್ನ ಮಾನ ನೀ ನೋಡಕೊಂಡಿ. ನನ್ನ ಬಾಯಾಗ ಇಲ್ಲದ ನಗಿ ಇಟ್ಟ್ಯಲ್ಲ, ಅದು ತಪ್ಪು. ಅಕ್ಕಗ ನಾ ಸುಖಾ ಅದೇನಿ ಅಂತ ಸುಳ್ಳ ಹೇಳಿದಂಗಾತು. ಆಕಿ ಹತ್ರ ನಾ ಎಂದೂ ಸುಳ್ಳ ಹೇಳಿಲ್ಲ.’

ಮರುವಾರ ನನ್ನ ಗಂಡ ರಜೆ ಹಾಕಿ ಅವಳನ್ನು ಸವದತ್ತಿ ಕಡೆಗೆ ಕರೆದುಕೊಂಡು ಹೋದ. ಎಂಟು ದಿನ ಅಕ್ಕನ ಹತ್ತಿರ ಇದ್ದು ಬಂದಳು. ಅಕ್ಕ ಆ ಹಾಡು ಕೇಳಿದ್ದಳಂತೆ. ‘ಯಾರೋ ನಮ್ಮ ಧಾಟಿ ಕದ್ದಾರ’ ಎಂದಳಂತೆ. ಅಕ್ಕ ತಂಗಿ ಇಬ್ಬರೂ ಅದಕ್ಕೆ ನಕ್ಕರಂತೆ. ಆ ನಗುವನ್ನು ನಾನು ಕಂಡಿಲ್ಲ.

ಅಧಿಕಾರಿಯಿಂದ ನನಗೆ ಕಾಗದ ಬಂತು. ನನ್ನ ನುಡಿಗಳು ಮೇಲಿನವರ ಮೆಚ್ಚುಗೆ ಪಡೆದಿವೆಯಂತೆ. ಸಣ್ಣ ಉಳಿತಾಯ, ಗೊಬ್ಬರದ ಗುಂಡಿ, ಸಿಡುಬಿನ ಲಸಿಕೆ, ಈ ಮೂರರ ಮೇಲೆ ತಲಾ ಒಂದು ಜನಪದ ಗೀತೆ ಬರೆದು ಕಳಿಸಬೇಕಂತೆ. ಗೊಬ್ಬರದ ಗುಂಡಿಯ ಬಗ್ಗೆ ಜನಪದರು ಏನು ಹಾಡಿದ್ದಾರೆಂದು ಜನಪದರನ್ನು ಕೇಳುವ ಗೊಡವೆ ಅವನಿಗೆ ಬೇಡವಾಗಿತ್ತು. ಬರೆಯಲು ನಾನಿದ್ದೆ, ಹಾಡಲು ಆ ಸಕ್ಕರೆ ಧ್ವನಿಯವರಿದ್ದರು, ಅತ್ಯುಪಯುಕ್ತ ಎನ್ನಲು ಕಾರ್ಯದರ್ಶಿ ಇದ್ದ. ನಾನು ಉತ್ತರ ಬರೆಯಲಿಲ್ಲ. ‘ಆದರ್ಶ ಗೃಹಿಣಿ’ಯನ್ನು ಟ್ರಂಕಿನಿಂದ ತೆಗೆದು ಒಲೆಗೆ ಹಾಕಿದೆ.

ಮೂರು ನಾಲ್ಕು ವರ್ಷಗಳ ಮೇಲೆ ನನಗೆ ಹಳಿಯಾಳದ ಹಾದಿಯ ಒಂದು ಸಣ್ಣ ಊರಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಸಿಕ್ಕಿತು. ಒಂದು ದಿನ ಶಾಲೆಗೂ ರೇಡಿಯೋ ಬಂತು. ವಾರಕ್ಕೆ ಎರಡು ಸಲ ಅರ್ಧ ತಾಸು ಮಕ್ಕಳನ್ನು ಅದರ ಮುಂದೆ ಸಾಲಾಗಿ ಕೂರಿಸಿ ಪಾಠ ಕೇಳಿಸಬೇಕು, ಎಷ್ಟು ಮಕ್ಕಳು ಕೇಳಿದರು, ಪಾಠ ಹೇಗಿತ್ತು ಎಂದು ನಮೂನೆ ತುಂಬಿ ಕಳಿಸಬೇಕು ಎಂದು ಹೆಡ್ಮಾಸ್ತರರು ಆ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಸೆಟ್ಟು ಹಚ್ಚಿ, ಧ್ವನಿ ಸಣ್ಣ ಮಾಡಿ, ಬಾಗಿಲು ತೆಗೆದು ಮಕ್ಕಳನ್ನು ಬಯಲಿಗೆ ಬಿಡುತ್ತಿದ್ದೆ. ಅವು ಕಿರುಚಾಡಿ, ಜಗಳಾಡಿ, ಬೈದಾಡಿ, ಬೆವರು ಸುರಿಸಿಕೊಂಡು ಒಳಗೆ ಬರುವ ಹೊತ್ತಿಗೆ ರೇಡಿಯೋ ಅವುಗಳಿಗೆ ಧನ್ಯವಾದ ಹೇಳುತ್ತಿತ್ತು. ನಾನು ಕೂತು ನಮೂನೆ ತುಂಬುತ್ತಿದ್ದೆ. ಕೇಳಿದ ಮಕ್ಕಳು ಎಂಬಲ್ಲಿ ಹಾಜರಿಯ ಪೂರ್ತಿ ಸಂಖ್ಯೆ. ಹೇಗಿತ್ತು ಎಂಬಲ್ಲಿ ‘ಮಕ್ಕಳಿಗೆ ಅತೀವ ಹರ್ಷವಾಯಿತು’ ಎಂದು ಬರೆದು ಸಹಿ ಹಾಕುತ್ತಿದ್ದೆ. ನಾಲ್ಕು ವರ್ಷ ಹೀಗೆ ಬರೆದೆ. ಒಮ್ಮೆಯೂ ಯಾರೂ ಕೇಳಲಿಲ್ಲ.